ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಐರನ್: ನಿಮ್ಮ ಸ್ವಿಂಗ್‌ಗೆ ಯಾವುದು ಹೊಂದುತ್ತದೆ?

ಗಾಲ್ಫ್‌ಗೆ ಹೊಸ ಐರನ್ ಸೆಟ್, ಅಂದರೆ ಲೋಹದ ಚಪ್ಪಟೆ ಹೆಡ್‌ನ ಕ್ಲಬ್‌ಗಳನ್ನು, ಆರಿಸಲು ಹೋದವರಲ್ಲಿ ಹೆಚ್ಚಿನವರು ಎರಡು ಕಂಪನಿಗಳ 7 ಐರನ್ ಕೈಗೆತ್ತಿಕೊಂಡು, ಯಾವುದರಲ್ಲಿ ಚೆಂಡು ಹೆಚ್ಚು ದೂರ ಹೋಗುತ್ತದೆ ಎಂದು ನೋಡುತ್ತಾರೆ. ಈ ಪರೀಕ್ಷೆಯಿಂದ ತಿಳಿಯುವುದು ಬಹಳ ಕಡಿಮೆ. ಕ್ಲಬ್ಬಿನ ತಳದಲ್ಲಿ ಕೊರೆದಿರುವ 7 ಎಂಬ ಅಂಕಿಗೆ ಯಾವ ನಿಯಮವೂ ಅರ್ಥ ಕಟ್ಟಿಕೊಟ್ಟಿಲ್ಲ. ಬ್ಲೇಡ್ ಎಂಬ ತೆಳು ಹೆಡ್‌ನ ಸಾಂಪ್ರದಾಯಿಕ 7 ಐರನ್‌ನಲ್ಲಿ ಮುಖದ ವಾಲಿಕೆ, ಅಂದರೆ ಲಾಫ್ಟ್, 34ರಿಂದ 36 ಡಿಗ್ರಿ. ಟೇಲರ್‌ಮೇಡ್ ಪಿ790ಯಲ್ಲಿ ಅದು 30.5. ಅದೇ ಕಂಪನಿಯ ಸ್ಟೆಲ್ತ್ ಐರನ್‌ನಲ್ಲಿ 28. ಹಳೆಯ ಲೆಕ್ಕದಲ್ಲಿ 28 ಡಿಗ್ರಿ ಎಂದರೆ 5 ಐರನ್‌ನ ಆಸುಪಾಸು. ಸಾಲದ್ದಕ್ಕೆ ಕ್ಲಬ್ಬಿನ ಕೋಲು, ಅಂದರೆ ಶಾಫ್ಟ್ ಕೂಡ ಕಾಲು ಅಂಗುಲವೋ ಅರ್ಧ ಅಂಗುಲವೋ ಉದ್ದವಿರುತ್ತದೆ. ಅಂಥದ್ದರಲ್ಲಿ 15 ಗಜ ಹೆಚ್ಚು ಬಂದರೆ ಅದು ಅಂಕಿ ಬದಲಾದದ್ದರ ಫಲ, ಕ್ಲಬ್ ನಿಮಗೆ ಹೊಂದಿತು ಎಂಬುದಕ್ಕೆ ಸಾಕ್ಷಿಯಲ್ಲ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಚೆಂಡು ಮುಖದ ನಡುವಿಗೆ ತಾಗದಿದ್ದಾಗ ಎಷ್ಟು ನಷ್ಟವಾಗುತ್ತದೆ? ಚೆನ್ನಾಗಿ ತಾಗಿದಾಗ ಅದು ಗ್ರೀನ್ ಮೇಲೆ, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ನಿಲ್ಲುವಷ್ಟು ಕಡಿದಾಗಿ ಇಳಿಯುತ್ತದೆಯೇ? ಹ್ಯಾಂಡಿಕ್ಯಾಪ್, ಅಂದರೆ ಆಟಗಾರರ ಮಟ್ಟ ಹೇಳುವ ಅಂಕಿ (ಕಡಿಮೆಯಿದ್ದಷ್ಟೂ ಆಟ ಉತ್ತಮ), ನೋಡಿ ಸೆಟ್ ಆರಿಸುವ ರೂಢಿ ಇದೆ. ಆದರೆ 18 ಹ್ಯಾಂಡಿಕ್ಯಾಪ್‌ನ ಇಬ್ಬರಲ್ಲಿ ಒಬ್ಬರ ತೊಂದರೆ ಪಟ್ಟಿಂಗ್‌ನಲ್ಲಿ, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವುದರಲ್ಲಿ, ಇರಬಹುದು, ಇನ್ನೊಬ್ಬರದು ನೆಲವನ್ನು ಮೊದಲು ಹೊಡೆಯುವುದರಲ್ಲಿ. ಇಬ್ಬರಿಗೂ ಒಂದೇ ಐರನ್ ಎಂದರೆ ಸರಿಹೋಗದು.

ಮೊದಲು ನಿಮ್ಮ ತಪ್ಪಿನ ನಕ್ಷೆ ಬರೆಯಿರಿ

ಪಾದಕ್ಕೆ ಬಳಸುವ ಒಣ ಪೌಡರ್ ಸ್ಪ್ರೇ ಇದಕ್ಕೆ ಸಾಕು. ಈಗಿರುವ 7 ಐರನ್‌ನ ಮುಖಕ್ಕೆ ತೆಳುವಾಗಿ ಸಿಂಪಡಿಸಿ ಒಂದು ಚೆಂಡು ಹೊಡೆಯಿರಿ. ಬಿದ್ದ ಗುರುತಿನ ಫೋಟೊ ತೆಗೆದು, ಒರೆಸಿ, ಮತ್ತೆ ಸಿಂಪಡಿಸಿ. ಹೀಗೆ ಹತ್ತು ಚೆಂಡು. ಆಮೇಲೆ 5 ಐರನ್‌ನಲ್ಲಿ ಇನ್ನು ಹತ್ತು. ಬೆಚ್ಚಗಾಗಲು ಹೊಡೆದವನ್ನು ಲೆಕ್ಕಕ್ಕೆ ಸೇರಿಸಬೇಡಿ. ಅದರಾಚೆಗೆ ಕೆಟ್ಟ ಹೊಡೆತವೆಂದು ಒಂದನ್ನೂ ಬಿಡಬೇಡಿ. ನಮಗೆ ಬೇಕಾಗಿರುವುದು ಆ ಕೆಟ್ಟ ಹೊಡೆತಗಳೇ. ಸಾಧ್ಯವಾದರೆ ಚಾಪೆ ಬಿಟ್ಟು ಹುಲ್ಲಿನ ಮೇಲೆ ಹೊಡೆಯಿರಿ. ಚೆಂಡಿಗಿಂತ ಒಂದು ಅಂಗುಲ ಹಿಂದೆ ನೆಲಕ್ಕೆ ತಾಗಿದರೂ ಚಾಪೆಯ ಮೇಲೆ ಕ್ಲಬ್ ಜಾರಿ ಮುಂದೆ ಹೋಗುತ್ತದೆ, ಫಲಿತಾಂಶ ಚೆನ್ನಾಗಿಯೇ ಕಾಣುತ್ತದೆ. ಹುಲ್ಲು ಹಾಗೆ ಮುಚ್ಚಿಡುವುದಿಲ್ಲ.

ಗುರುತುಗಳನ್ನು ಮೂರು ಬಗೆಯಾಗಿ ಓದಿ. ಟೋ (ಹೆಡ್‌ನ ಹೊರತುದಿ) ಮತ್ತು ಹೀಲ್ (ಶಾಫ್ಟ್ ಕಡೆಯ ತುದಿ) ನಡುವೆ ಅಡ್ಡಡ್ಡ ಹರಡಿವೆಯೇ? ಮುಖದ ಕೆಳಗಿನ ಎರಡು ಮೂರು ಗೆರೆಗಳಲ್ಲೇ ಸೇರಿಕೊಂಡಿವೆಯೇ? ಅಥವಾ ಗುರುತು ನಡುವಿನಲ್ಲೇ ಇದ್ದರೂ ಕ್ಲಬ್ ಮೊದಲು ಮಣ್ಣಿಗೆ ತಾಗಿ ಚೆಂಡು ಸತ್ತಂತೆ ಬೀಳುತ್ತಿದೆಯೇ? ಮೂರಕ್ಕೂ ಕಾರಣ ಬೇರೆ, ಐರನ್‌ನಲ್ಲಿ ಅದಕ್ಕೆ ಸಿಗುವ ನೆರವೂ ಬೇರೆ.

ಅಡ್ಡ ಹರಡುವ ತಪ್ಪನ್ನು ಐರನ್ ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಚೆಂಡು ಟೋ ಕಡೆ ತಾಗಿದಾಗ ಹೆಡ್ ತನ್ನ ತೂಕದ ಕೇಂದ್ರದ ಸುತ್ತ ತಿರುಗುತ್ತದೆ. ಬಲಗೈ ಆಟಗಾರರಿಗೆ ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ, ಚೆಂಡಿಗೆ ಹೋಗಬೇಕಾದ ವೇಗದಲ್ಲಿ ಒಂದು ಪಾಲು ಆ ತಿರುಗುವಿಕೆಯಲ್ಲೇ ಕಳೆದುಹೋಗುತ್ತದೆ. ತೂಕವನ್ನು ನಡುವಿನಿಂದ ತೆಗೆದು ಟೋ, ಹೀಲ್ ಎರಡೂ ಅಂಚಿಗೆ ಸರಿಸಿದರೆ ಹೆಡ್ ಅಷ್ಟು ಸುಲಭವಾಗಿ ತಿರುಗದು. ಪಿಂಗ್ ಸಂಸ್ಥಾಪಕ, ಎಂಜಿನಿಯರ್ ಕಾರ್ಸ್ಟನ್ ಸೋಲ್ಹೈಮ್ ಈ ತತ್ವವನ್ನು ಮೊದಲು ಪಟ್ಟರ್‌ಗೂ ನಂತರ ಐರನ್‌ಗೂ ತಂದರು. 1980ರ ದಶಕದ ಐ2 (Eye2) ಐರನ್‌ಗಳು ಅದನ್ನು ಮನೆಮಾತಾಗಿಸಿದವು. ಇಂದು ಟೋ ಕಡೆ ತಳದಲ್ಲಿ ಟಂಗ್‌ಸ್ಟನ್ ತುಂಡು ಕೂರಿಸುವುದೂ ಇದೇ ಉದ್ದೇಶಕ್ಕೆ. ಟಂಗ್‌ಸ್ಟನ್ ಉಕ್ಕಿಗಿಂತ ಸುಮಾರು ಎರಡೂವರೆ ಪಟ್ಟು ಸಾಂದ್ರ, ಹಾಗಾಗಿ ಚಿಕ್ಕ ಜಾಗದಲ್ಲೇ ಹೆಚ್ಚು ತೂಕ ಸೇರಿಸಬಹುದು.

ಕೆಳಗೆ ತಾಗುವ ತಪ್ಪಿಗೆ ಮದ್ದು ತೂಕವನ್ನು ಕೆಳಗಿಳಿಸುವುದು. ಗಾಲ್ಫ್ ಚೆಂಡಿನ ವ್ಯಾಸ 42.67 ಮಿಮೀಗಿಂತ ಕಡಿಮೆಯಿರುವಂತಿಲ್ಲ, ಆದ್ದರಿಂದ ಅದರ ನಡುವು ನೆಲದಿಂದ 21 ಮಿಮೀ ಮೇಲಿರುತ್ತದೆ. ಆದರೆ ವಾಲಿದ ಮುಖ ಚೆಂಡನ್ನು ನಡುವಿನಲ್ಲಿ ಮುಟ್ಟದೆ ಅದಕ್ಕಿಂತ ಕೆಳಗೆ ಮುಟ್ಟುತ್ತದೆ. ತಾಗುವ ಗಳಿಗೆಯಲ್ಲಿ ಲಾಫ್ಟ್ 25 ಡಿಗ್ರಿಯಷ್ಟಿದ್ದರೆ, ಆ ಬಿಂದು ನೆಲದಿಂದ ಕೇವಲ 12 ಮಿಮೀ ಎತ್ತರದಲ್ಲಿರುತ್ತದೆ. ಬ್ಲೇಡ್‌ಗಳಲ್ಲಿ ತೂಕದ ಕೇಂದ್ರ ತಳದಿಂದ 20 ಮಿಮೀ ಆಸುಪಾಸು. ಹಾಗಾದರೆ ನೆಲದ ಮೇಲಿನ ಚೆಂಡಿಗೆ ಬ್ಲೇಡಿನ ನಿಜವಾದ ‘ಸಿಹಿ ಜಾಗ’ ತಾಗಬೇಕಾದರೆ, ಹೆಡ್ ಇನ್ನೂ ಕೆಳಗಿಳಿಯುತ್ತಾ ಚೆಂಡನ್ನು ಹಿಡಿದು, ಅದರ ಮುಂದಿನ ಮಣ್ಣಿಗೆ ಹೋಗಬೇಕು. ನುರಿತವರ ಡಿವಟ್, ಅಂದರೆ ಕ್ಲಬ್ ಕಿತ್ತ ಹುಲ್ಲು ಮಣ್ಣಿನ ಗುರುತು, ಚೆಂಡಿನ ಮುಂದೆ ಬೀಳುವುದು ಇದಕ್ಕೇ. ಹಾಗೆ ಕೆಳಮುಖವಾಗಿ ಹೊಡೆಯಲು ಬಾರದವರಿಗೆ ಅಗಲ ತಳದ, ಕೇಂದ್ರ ಕೆಲವು ಮಿಮೀ ಕೆಳಗಿರುವ ಐರನ್ ದೊಡ್ಡ ಉಪಕಾರ. ಚೆಂಡು ಅದೇ ಹೊಡೆತಕ್ಕೆ ಹೆಚ್ಚು ಎತ್ತರ ಹೋಗುತ್ತದೆ, ಕೈ ಜುಮ್ಮೆನ್ನುವುದೂ ಕಡಿಮೆಯಾಗುತ್ತದೆ.

ಮೂರನೆಯ ತಪ್ಪು, ಮಣ್ಣನ್ನು ಮೊದಲು ಹೊಡೆಯುವುದು. ಇಲ್ಲಿ ಮಾತ್ರ ಜಾಹೀರಾತಿನ ಮಾತು ನಂಬಬೇಡಿ. ಎರಡು ಅಂಗುಲ ಹಿಂದೆ ನೆಲಕ್ಕೆ ಬಿದ್ದ ಹೊಡೆತವನ್ನು ಯಾವ ಟಂಗ್‌ಸ್ಟನ್ನೂ ಕಾಪಾಡದು. ತಳದ ಆಕಾರ ಅರ್ಧ ಅಂಗುಲದ ತಪ್ಪನ್ನು ಸ್ವಲ್ಪ ಮನ್ನಿಸೀತು, ಉಳಿದದ್ದಕ್ಕೆ ಪಾಠವೇ ಬೇಕು. ಹತ್ತರಲ್ಲಿ ಐದು ಹೊಡೆತ ಇಂಥವಾದರೆ, ಹೊಸ ಸೆಟ್‌ಗೆ ಮುಂಚೆ ತರಬೇತುದಾರರ ಬಳಿ ನಾಲ್ಕು ಸಲ ಹೋಗಿಬನ್ನಿ.

ನಾಲ್ಕು ಕುಲ

ಅಂಗಡಿಯಲ್ಲಿರುವ ಐರನ್‌ಗಳೆಲ್ಲ ಸರಿಸುಮಾರು ನಾಲ್ಕು ಕುಲಕ್ಕೆ ಸೇರುತ್ತವೆ, ನಡುವೆ ಬೆರೆತವೂ ಇವೆ. ಮೊದಲನೆಯವಾದ ಬ್ಲೇಡ್ ಮತ್ತು ತೆಳು ಕ್ಯಾವಿಟಿಯ (ಹೆಡ್ ಬೆನ್ನಿನ ತಗ್ಗು) ‘ಪ್ಲೇಯರ್ಸ್’ ಐರನ್‌ಗಳ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಿಲ್ಲ: ತೆಳುವಾದ ಮೇಲಂಚು, ಕಿರಿದಾದ ತಳ, ಕಡಿಮೆ ಆಫ್‌ಸೆಟ್ (ಶಾಫ್ಟ್‌ಗಿಂತ ಮುಖ ಹಿಂದೆ ಸರಿದಿರುವ ಅಳತೆ). ಗುರುತುಗಳು ಒಂದು ನಾಣ್ಯದಗಲದೊಳಗೆ ಬೀಳುವವರಿಗೆ ಅವು.

ಎರಡನೆಯದು ‘ಪ್ಲೇಯರ್ಸ್ ಡಿಸ್ಟೆನ್ಸ್’. ನೋಡಲು ಬ್ಲೇಡ್‌ನಂತೆ, ಒಳಗೆ ಪೊಳ್ಳು. ತೆಳು ಮುಖದ ಹಿಂದೆ ನೊರೆಯನ್ನೋ ಪಾಲಿಮರ್ ಅನ್ನೋ ತುಂಬಿರುತ್ತಾರೆ. ಮುಖ ಸ್ಪ್ರಿಂಗಿನಂತೆ ಬಾಗಿ ಚೆಂಡಿಗೆ ವೇಗ ಕೊಡುತ್ತದೆ. ಪಿ790 ಈ ಜಾತಿಯದು. ನಮ್ಮ ಅಭಿಪ್ರಾಯದಲ್ಲಿ ಅತಿ ಹೆಚ್ಚು ಜನ ತಪ್ಪಾಗಿ ಕೊಳ್ಳುವ ಕುಲವೂ ಇದೇ. ರೂಪಕ್ಕೆ ಮನಸೋಲುತ್ತಾರೆ, ದೂರಕ್ಕೆ ಬೆರಗಾಗುತ್ತಾರೆ, ಆದರೆ ತಳ ಕಿರಿದು, ಹೆಡ್ ಚಿಕ್ಕದು ಎಂಬುದನ್ನು ಗಮನಿಸುವುದಿಲ್ಲ. ಮುಖದ ವೇಗ ಅಡ್ಡ ತಪ್ಪಿನ ದೂರವನ್ನು ಉಳಿಸುತ್ತದೆ ನಿಜ, ನೆಲದ ತಪ್ಪಿಗೆ ಏನೂ ಮಾಡುವುದಿಲ್ಲ. ಇನ್ನೊಂದು ಮಾತು: ಹುಲ್ಲು ಕೊಂಚ ಎದ್ದಿರುವ ಕಡೆ ಮುಖಕ್ಕೂ ಚೆಂಡಿಗೂ ನಡುವೆ ಎಲೆ ಸಿಕ್ಕಿಕೊಂಡು ಸ್ಪಿನ್ ಇಳಿಯುತ್ತದೆ. ಲಾಫ್ಟ್ ಕಡಿಮೆಯಿರುವ ಇಂಥ ಐರನ್‌ನಿಂದ ಆಗ ಚೆಂಡು ಎಣಿಸಿದ್ದಕ್ಕಿಂತ ಹತ್ತಿಪ್ಪತ್ತು ಗಜ ಮುಂದೆ ಹಾರಿ ಗ್ರೀನ್ ದಾಟಿಬಿಡಬಹುದು. ಸರಾಸರಿ ದೂರಕ್ಕಿಂತ ಹತ್ತು ಹೊಡೆತಗಳ ನಡುವಿನ ಅಂತರವೇ ಇಲ್ಲಿ ಮುಖ್ಯವಾಗುತ್ತದೆ.

ಮೂರನೆಯದು ‘ಗೇಮ್ ಇಂಪ್ರೂವ್‌ಮೆಂಟ್’. ದೊಡ್ಡ ಹೆಡ್, ಆಳವಾದ ಕ್ಯಾವಿಟಿ, ಮಧ್ಯಮದಿಂದ ಅಗಲ ತಳ, ಕಣ್ಣಿಗೆ ಕಾಣುವಷ್ಟು ಆಫ್‌ಸೆಟ್, 7 ಐರನ್‌ನಲ್ಲಿ 28ರಿಂದ 30 ಡಿಗ್ರಿ. ವಾರಕ್ಕೊಮ್ಮೆ ಆಡುವ, ಗುರುತುಗಳು ಅಡ್ಡ ಹರಡುವ ಬಹುಪಾಲು ಜನರಿಗೆ ಇದೇ ಸರಿಯಾದ ಜಾಗ. ಹ್ಯಾಂಡಿಕ್ಯಾಪ್ 8 ಇದ್ದವರೂ ಸಂಕೋಚವಿಲ್ಲದೆ ಇದನ್ನು ಆಡಬಹುದು.

ನಾಲ್ಕನೆಯದು ‘ಸೂಪರ್ ಗೇಮ್ ಇಂಪ್ರೂವ್‌ಮೆಂಟ್’. ಉದ್ದ ಐರನ್‌ಗಳು (ಅಂಕಿ ಚಿಕ್ಕವು) ಹೈಬ್ರಿಡ್‌ನಂತೆ, ಅಂದರೆ ಐರನ್‌ಗೂ ದಪ್ಪ ಹೆಡ್‌ನ ವುಡ್‌ಗೂ ನಡುವಿನ ಕ್ಲಬ್‌ನಂತೆ, ಉಬ್ಬಿದ ಬೆನ್ನು ಹೊತ್ತಿರುತ್ತವೆ. ಸ್ವಿಂಗ್ ವೇಗ ಕಡಿಮೆ ಇದ್ದವರಿಗೆ, ಹೊಸಬರಿಗೆ, ಚೆಂಡು ಮೇಲೇಳುವುದೇ ಕಷ್ಟವಾದವರಿಗೆ. ಇದರ ಬೆಲೆ ತೆರಬೇಕಾದದ್ದು ದಟ್ಟ ಹುಲ್ಲಿನಲ್ಲಿ: ಅಗಲ ತಳ ಹುಲ್ಲಿಗೆ ಸಿಕ್ಕಿ ಎಳೆದು ಹಿಡಿಯುತ್ತದೆ. ಗ್ರೀನ್ ಪಕ್ಕದ ಸಣ್ಣ ಚಿಪ್‌ಗೂ ದಪ್ಪ ತಳ ತೊಡಕು. ಆದರೆ ಆ ಹೊಡೆತಕ್ಕೆ ವೆಜ್ ಎಂಬ ಹೆಚ್ಚು ಲಾಫ್ಟ್‌ನ ಕ್ಲಬ್‌ಗಳಿವೆಯಲ್ಲ.

ತಳವನ್ನು ನೋಡಿ, ಮುಖವನ್ನಲ್ಲ

ಸ್ವಿಂಗ್‌ಗೆ ಐರನ್ ಹೊಂದುವುದು ಮೊದಲು ತಳದಲ್ಲಿ. ನಿಮ್ಮ ಡಿವಟ್‌ಗಳನ್ನು ನೋಡಿ. ಆಳವಾಗಿ, ಅಂಗೈಯಷ್ಟು ಮಣ್ಣು ಎದ್ದು ಬರುತ್ತಿದ್ದರೆ ನೀವು ಕಡಿದಾಗಿ ಇಳಿಯುವವರು. ನಿಮಗೆ ತಳ ಅಗಲವಿರಬೇಕು, ಮುಂದಂಚು ದುಂಡಗಿರಬೇಕು, ಬೌನ್ಸ್ ಎಂಬ ತಳದ ಓರೆ ಹೆಚ್ಚಿರಬೇಕು. ಆಗ ಅಂಚು ಮಣ್ಣು ಅಗೆಯುವ ಬದಲು ತಳ ಅದರ ಮೇಲೆ ಜಾರುತ್ತದೆ. ಮೆತ್ತನೆ ನೆಲದಲ್ಲಿ ಆಡುವವರಿಗೂ ಇದೇ ಮಾತು. ಡಿವಟ್ಟೇ ಇಲ್ಲದೆ ಹುಲ್ಲಿನ ತುದಿ ಮಾತ್ರ ಸವರಿಕೊಂಡು ಹೋಗುವವರು ಬೌನ್ಸ್ ಹೆಚ್ಚಿರುವುದನ್ನು ಗಟ್ಟಿ ನೆಲದಲ್ಲಿ ಬಳಸಿದರೆ, ತಳ ನೆಲಕ್ಕೆ ಬಡಿದು ಪುಟಿದು ಮುಂದಂಚು ಚೆಂಡಿನ ನಡುವಿಗೇ ತಾಗೀತು. ಇವರಿಗೆ ತೂಕ ಕೆಳಗಿರಬೇಕು, ಆದರೆ ತಳದ ಹಿಂದಂಚನ್ನು ಸವರಿ ತೆಗೆದಿರಬೇಕು.

ಇಲ್ಲೇ ಒಂದು ಸೂಕ್ಷ್ಮ ಸೇರಿಸಬೇಕು. ಲಾಫ್ಟ್ ಕಡಿಮೆ ಮಾಡಲು ಕ್ಲಬ್ ಬಾಗಿಸಿದರೆ, ಪ್ರತಿ ಡಿಗ್ರಿಗೂ ಬೌನ್ಸ್ ಒಂದು ಡಿಗ್ರಿ ಇಳಿಯುತ್ತದೆ. ‘ಇನ್ನೂ ಎರಡು ಡಿಗ್ರಿ ಗಟ್ಟಿ ಮಾಡಿಕೊಡಿ’ ಎಂದು ಕೇಳಿ ದೂರ ಗಳಿಸಿದವರು, ಆಮೇಲೆ ಕ್ಲಬ್ ನೆಲಕ್ಕೆ ಕಚ್ಚುತ್ತಿದೆ ಎಂದು ದೂರುವುದು ಇದರಿಂದ.

ಆಫ್‌ಸೆಟ್ ಎಂದರೆ ಮುಖದ ಮುಂದಂಚು ಶಾಫ್ಟ್‌ಗಿಂತ ಎಷ್ಟು ಹಿಂದಿದೆ ಎಂಬ ಅಳತೆ. ಹಿಂದಿದ್ದಷ್ಟೂ ಮುಖ ಚೌಕವಾಗಲು ಒಂದಿಷ್ಟು ಹೆಚ್ಚು ಸಮಯ ಸಿಗುತ್ತದೆ, ಚೆಂಡು ಸ್ವಲ್ಪ ಮೇಲೂ ಏಳುತ್ತದೆ. ಬಲಕ್ಕೆ ಸ್ಲೈಸ್ ಆಗುವವರಿಗೆ ಇದು ನೆರವು. ಈಗಾಗಲೇ ಎಡಕ್ಕೆ ಹುಕ್ ಆಗುವವರಿಗೆ ಅದೇ ಶಾಪ. ಇವರಿಗೆ ಗೇಮ್ ಇಂಪ್ರೂವ್‌ಮೆಂಟ್ ಬೇಡ ಎಂದಲ್ಲ. ಅದೇ ಕುಲದಲ್ಲಿ ಆಫ್‌ಸೆಟ್ ಕಡಿಮೆ ಇರುವ ಮಾದರಿ ಹುಡುಕಬೇಕು.

ಎತ್ತರ, ಸ್ಪಿನ್, ಇಳಿಯುವ ಕೋನ

ಗ್ರೀನ್ ಮೇಲೆ ನಿಲ್ಲಬೇಕಾದರೆ ಚೆಂಡು 45 ಡಿಗ್ರಿಯೋ ಅದಕ್ಕಿಂತ ಕಡಿದಾಗಿಯೋ ಇಳಿಯಬೇಕು ಎಂಬುದು ಫಿಟ್ಟರ್‌ಗಳ, ಅಂದರೆ ಆಟಗಾರರಿಗೆ ಕ್ಲಬ್ ಹೊಂದಿಸಿಕೊಡುವವರ, ಸಾಮಾನ್ಯ ಅಳತೆಗೋಲು. ಚೆಂಡಿನ ಹಾರಾಟ ಅಳೆಯುವ ರೇಡಾರ್ ಕಂಪನಿ ಟ್ರ್ಯಾಕ್‌ಮ್ಯಾನ್ ಪ್ರಕಟಿಸಿದ ಸರಾಸರಿಯಲ್ಲಿ ಅಮೆರಿಕದ ವೃತ್ತಿಪರ ಪಿಜಿಎ ಟೂರ್ ಆಟಗಾರರ 7 ಐರನ್ ಚೆಂಡು ನಿಮಿಷಕ್ಕೆ ಸುಮಾರು 7,000 ಸುತ್ತಿನ ಸ್ಪಿನ್‌ನೊಂದಿಗೆ ಹೋಗಿ 50 ಡಿಗ್ರಿಯಲ್ಲಿ ಇಳಿಯುತ್ತದೆ. ಅವರ ಕ್ಲಬ್ ವೇಗ ಗಂಟೆಗೆ 90 ಮೈಲಿ. ಎಲ್‌ಪಿಜಿಎ ಆಟಗಾರ್ತಿಯರದು ಸುಮಾರು 76 ಮೈಲಿ, ಆದರೂ ಚೆಂಡನ್ನು ಹೆಚ್ಚು ಮೇಲಕ್ಕೆ ಹೊರಡಿಸಿ 47 ಡಿಗ್ರಿಯಲ್ಲಿ ಇಳಿಸುತ್ತಾರೆ. ಬಹುತೇಕ ಹವ್ಯಾಸಿಗಳು ಕಲಿಯಬೇಕಾದ ಲೆಕ್ಕ ಎರಡನೆಯದು: ವೇಗ ಕಡಿಮೆಯಿದ್ದರೆ ಎತ್ತರದಿಂದ ಅದನ್ನು ತುಂಬಿಕೊಳ್ಳಬೇಕು.

28 ಡಿಗ್ರಿಯ 7 ಐರನ್ ಮಾಡುವವರು ತೂಕ ಕೆಳಗಿದೆ, ಚೆಂಡು ತಾನಾಗಿಯೇ ಏಳುತ್ತದೆ ಎನ್ನುತ್ತಾರೆ. 80 ಮೈಲಿ ವೇಗವಿದ್ದವರಿಗೆ ಆ ಮಾತು ಸರಿ. 65 ಮೈಲಿಯವರಿಗೆ ಅದು ಪೂರ್ತಿ ಸರಿಯಲ್ಲ. ಅವರ ಚೆಂಡು ಚಪ್ಪಟೆಯಾಗಿ ಹೋಗಿ, ಗ್ರೀನ್ ಮೇಲೆ ಬಿದ್ದು, ಉರುಳಿಕೊಂಡು ಹಿಂಬದಿಯಿಂದ ಆಚೆ ಹೋಗುತ್ತದೆ. ಹೀಗಾದರೆ ಅದೇ ಮಾದರಿಯನ್ನು ಒಂದೆರಡು ಡಿಗ್ರಿ ಹೆಚ್ಚು ಲಾಫ್ಟ್‌ನಲ್ಲಿ ಕೇಳಿ. ಹಲವು ಕಂಪನಿಗಳು ಹಾಗೆ ಕೊಡುತ್ತವೆ. ದೂರದಲ್ಲಿ ಆರೇಳು ಗಜ ಕಳೆದುಕೊಂಡು ಗ್ರೀನ್ ಗಳಿಸುವುದು ಲಾಭದ ವ್ಯಾಪಾರ.

ಶಾಫ್ಟ್ ಮತ್ತು ಲೈ

ಶಾಫ್ಟ್‌ನ ತೂಕವನ್ನು ಫ್ಲೆಕ್ಸ್‌ಗಿಂತ, ಅಂದರೆ ಬಾಗುವ ಗುಣಕ್ಕಿಂತ, ಮೊದಲು ನಿರ್ಧರಿಸಿ. ಉಕ್ಕಿನವು ಸಾಮಾನ್ಯವಾಗಿ 90ರಿಂದ 130 ಗ್ರಾಂ, ಗ್ರಾಫೈಟ್ 50ರಿಂದ 90 ಗ್ರಾಂ. ಹಗುರವಾದಷ್ಟೂ ವೇಗ ಹೆಚ್ಚುತ್ತದೆ, ಆದರೆ ತೀರಾ ಹಗುರವಾದರೆ ಹೆಡ್ ಎಲ್ಲಿದೆಯೆಂದೇ ಕೈಗೆ ತಿಳಿಯದೆ ಪೌಡರ್ ಗುರುತುಗಳು ಚದುರುತ್ತವೆ. ಸುತ್ತಿನ ಕೊನೆಯ ನಾಲ್ಕು ಹೋಲ್‌ಗಳಲ್ಲಿ ಹೊಡೆತ ಬಲಕ್ಕೆ ಜಾರತೊಡಗಿದರೆ ಶಾಫ್ಟ್ ಭಾರವಾಗಿರುವ ಸಾಧ್ಯತೆ ಹೆಚ್ಚು. ಮೊಣಕೈ, ಮಣಿಕಟ್ಟಿನ ನೋವಿರುವವರು ಗ್ರಾಫೈಟ್ ತೆಗೆದುಕೊಳ್ಳಲಿ, ನಡುಕವನ್ನು ಅದು ಚೆನ್ನಾಗಿ ತಗ್ಗಿಸುತ್ತದೆ.

ಫ್ಲೆಕ್ಸ್‌ನ ಅಕ್ಷರಗಳಿಗೂ ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಒಂದು ಕಂಪನಿಯ ರೆಗ್ಯುಲರ್ ಇನ್ನೊಂದರ ಸ್ಟಿಫ್‌ನಷ್ಟು ಬಿಗಿಯಿರಬಹುದು. ಅಂದಾಜಿಗೆ, 7 ಐರನ್ ವೇಗ 70 ಮೈಲಿಗಿಂತ ಕಡಿಮೆಯಿದ್ದರೆ ಸೀನಿಯರ್, 70ರಿಂದ 80ರೊಳಗೆ ರೆಗ್ಯುಲರ್, ಅದರಾಚೆ ಸ್ಟಿಫ್‌ನಿಂದ ಪರೀಕ್ಷೆ ಶುರುಮಾಡಿ. ಅಕ್ಷರಕ್ಕಿಂತ ಗುರುತಿನ ಹರಹು ಹೇಳುವುದನ್ನು ನಂಬಿ.

ಲೈ ಕೋನ, ಅಂದರೆ ನೆಲಕ್ಕೂ ಶಾಫ್ಟ್‌ಗೂ ನಡುವಿನ ಕೋನ, ತಪ್ಪಿದ್ದರೆ ಎಷ್ಟೇ ಚೆನ್ನಾಗಿ ಹೊಡೆದರೂ ಚೆಂಡು ಒಂದೇ ಕಡೆ ಸರಿಯುತ್ತದೆ. ಟೋ ಮೇಲೆದ್ದಿದ್ದರೆ ಎಡಕ್ಕೆ, ಹೀಲ್ ಎದ್ದಿದ್ದರೆ ಬಲಕ್ಕೆ. ಲಾಫ್ಟ್ ಹೆಚ್ಚಿದಷ್ಟೂ ಈ ತಪ್ಪಿನ ಪರಿಣಾಮ ಹೆಚ್ಚು. 34 ಡಿಗ್ರಿ ಲಾಫ್ಟ್‌ನಲ್ಲಿ ಲೈ 3 ಡಿಗ್ರಿ ತಪ್ಪಿದರೆ ಮುಖ ಸುಮಾರು 2 ಡಿಗ್ರಿ ಬೇರೆ ಕಡೆ ನೋಡುತ್ತದೆ, 150 ಗಜಕ್ಕೆ ಐದು ಗಜ ಪಕ್ಕಕ್ಕೆ. 48 ಡಿಗ್ರಿಯ ವೆಜ್‌ನಲ್ಲಿ ಅದೇ ತಪ್ಪಿಗೆ 3 ಡಿಗ್ರಿಗಿಂತ ಹೆಚ್ಚು. ಪರೀಕ್ಷೆ ಸುಲಭ: ಚೆಂಡಿನ ಮೇಲೆ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಅದು ಮುಖದ ಕಡೆಗೆ ನೇರವಾಗಿ ನಿಲ್ಲುವಂತೆ ಇಟ್ಟು ಹೊಡೆಯಿರಿ. ಮುಖದ ಮೇಲೆ ಮೂಡಿದ ಗೆರೆ ಗ್ರೂವ್‌ಗಳಿಗೆ, ಅಂದರೆ ಮುಖದಲ್ಲಿ ಕೊರೆದ ಅಡ್ಡ ಗೆರೆಗಳಿಗೆ, ಲಂಬವಾಗಿದ್ದರೆ ಲೈ ಸರಿ. ಮೇಲ್ತುದಿ ಟೋ ಕಡೆ ವಾಲಿದ್ದರೆ ಟೋ ಮೇಲಿದೆ, ಲೈ ತಗ್ಗಿಸಬೇಕು. ಹೀಲ್ ಕಡೆ ವಾಲಿದ್ದರೆ ಹೆಚ್ಚಿಸಬೇಕು. ಎತ್ತರ ನೋಡಿ ಲೈ ಊಹಿಸಬೇಡಿ. ಉದ್ದ ಕೈಗಳ ಎತ್ತರದ ವ್ಯಕ್ತಿಗೂ ಸಾಧಾರಣ ಲೈ ಸರಿಹೋಗುವುದುಂಟು.

ಸೆಟ್ ಎಲ್ಲಿಂದ ಎಲ್ಲಿಯವರೆಗೆ

ಚೀಲದಲ್ಲಿ 14 ಕ್ಲಬ್‌ಗಿಂತ ಹೆಚ್ಚು ಇಡುವಂತಿಲ್ಲ, ಆದ್ದರಿಂದ ಪ್ರತಿ ಕ್ಲಬ್ ತನ್ನ ಜಾಗವನ್ನು ದುಡಿದು ಉಳಿಸಿಕೊಳ್ಳಬೇಕು. 6, 5, 4 ಐರನ್‌ಗಳಲ್ಲಿ ತಲಾ ಎಂಟು ಚೆಂಡು ಹೊಡೆದು, ಗಾಳಿಯಲ್ಲಿ ಹೋದ ದೂರದ ಸರಾಸರಿ ಬರೆಯಿರಿ. ಎರಡರ ನಡುವೆ 10 ಗಜ ಅಂತರವಿಲ್ಲದಿದ್ದರೆ ಉದ್ದನೆಯದನ್ನು ಬಿಟ್ಟು ಹೈಬ್ರಿಡ್ ಅಥವಾ 7 ವುಡ್ ಇಡಿ. 7 ಐರನ್ ವೇಗ 75 ಮೈಲಿಗಿಂತ ಕೆಳಗಿರುವ ಬಹಳ ಜನರಿಗೆ 5 ಐರನ್ ಕೂಡ ಬೇಕಾಗುವುದಿಲ್ಲ. ಸೆಟ್ಟನ್ನು 6ರಿಂದ ಶುರುಮಾಡಿ.

ಕೆಳತುದಿಯಲ್ಲಿ ಇನ್ನೊಂದು ಕಂದಕ ಕಾದಿರುತ್ತದೆ. ಗಟ್ಟಿ, ಅಂದರೆ ಕಡಿಮೆ, ಲಾಫ್ಟ್‌ನ ಸೆಟ್‌ಗಳಲ್ಲಿ ಪಿಚಿಂಗ್ ವೆಜ್ 42ರಿಂದ 44 ಡಿಗ್ರಿ. ನಿಮ್ಮ ಹಳೆಯ ಸ್ಯಾಂಡ್ ವೆಜ್ 56. ನಡುವೆ 12ರಿಂದ 14 ಡಿಗ್ರಿ ಖಾಲಿ, ಅಂದರೆ 30 ಗಜಕ್ಕೂ ಹೆಚ್ಚು. ಅಲ್ಲಿ 48ರ ಹಾಗೂ 52ರ ಸುತ್ತಮುತ್ತಲಿನ ಎರಡು ವೆಜ್ ಬೇಕಾದೀತು, ಕನಿಷ್ಠ ಒಂದಂತೂ ಬೇಕು. ಸೆಟ್ ಜೊತೆ ಬರುವ ಗ್ಯಾಪ್ ವೆಜ್ ತೆಗೆದುಕೊಳ್ಳುವುದೇ ಜಾಣತನ, ಏಕೆಂದರೆ ಪೂರ್ತಿ ಸ್ವಿಂಗ್‌ನಲ್ಲಿ ಅದೂ ಉಳಿದ ಐರನ್‌ಗಳಂತೆಯೇ ತಪ್ಪು ತಡೆದುಕೊಳ್ಳುತ್ತದೆ.

ಎಲ್ಲ ಐರನ್‌ಗಳೂ ಒಂದೇ ಉದ್ದವಿರುವ ಸೆಟ್‌ಗಳೂ ಇವೆ. ಅಮೆರಿಕದ ಆಟಗಾರ ಬ್ರೈಸನ್ ಡಿಶಾಂಬೊ 2020ರ ಯುಎಸ್ ಓಪನ್ ಗೆದ್ದದ್ದು ಅಂಥವುಗಳಿಂದಲೇ. ಒಂದೇ ನಿಲುವು, ಚೆಂಡಿಗೆ ಒಂದೇ ಜಾಗ ಎಂಬುದು ಹೊಸಬರಿಗೆ ಹಿತ. ಆದರೆ ಉದ್ದ ಐರನ್ ಗಿಡ್ಡವಾಗಿ ವೇಗ ಕಳೆದುಕೊಳ್ಳುವುದರಿಂದ ನಿಧಾನ ಸ್ವಿಂಗ್‌ನವರಿಗೆ ಮೇಲ್ತುದಿಯ ಅಂತರಗಳು ಕುಗ್ಗುತ್ತವೆ.

ಎರಡು ಮಾದರಿ ಉಳಿದಾಗ

ಲಾಫ್ಟ್ ಹೊಂದಿಸಿ ಹೋಲಿಸಿ, ಅಂಕಿ ಹೊಂದಿಸಿ ಅಲ್ಲ. ಒಂದರ 7, ಇನ್ನೊಂದರ 6 ಆದರೂ ಸರಿ. ನೀವು ಬಳಸುವ ಚೆಂಡನ್ನೇ ಒಯ್ಯಿರಿ, ರೇಂಜ್ ಚೆಂಡು ಸ್ಪಿನ್ ಅಂಕಿಗಳನ್ನು ಕೆಡಿಸುತ್ತದೆ. ಪ್ರತಿ ಐದು ಚೆಂಡಿಗೆ ಕ್ಲಬ್ ಬದಲಿಸುತ್ತಾ ಒಟ್ಟು ಹದಿನೈದು ಹದಿನೈದು ಹೊಡೆಯಿರಿ. ಒಂದನ್ನೇ ಸತತ ಹೊಡೆದರೆ ದಣಿವು ಎರಡನೆಯದರ ತಲೆಗೆ ಬರುತ್ತದೆ. ಆಮೇಲೆ ಪ್ರತಿಯೊಂದರ ಅತ್ಯುತ್ತಮ ಮೂರನ್ನು ಬದಿಗಿಟ್ಟು, ಉಳಿದ ಹನ್ನೆರಡರಲ್ಲಿ ಅತಿ ದೂರದ್ದಕ್ಕೂ ಅತಿ ಹತ್ತಿರದ್ದಕ್ಕೂ ಎಷ್ಟು ಅಂತರ ಎಂದು ನೋಡಿ. ಅಂತರ ಚಿಕ್ಕದಿರುವುದನ್ನು ಆರಿಸಿ, ಸರಾಸರಿ ಐದು ಗಜ ಕಡಿಮೆಯಿದ್ದರೂ ಸರಿಯೇ.

ಬಳಸಿದ ಸೆಟ್ ಕೊಳ್ಳುವುದಾದರೆ 8, 9 ಐರನ್ ಮತ್ತು ಪಿಚಿಂಗ್ ವೆಜ್‌ಗಳ ಗ್ರೂವ್‌ಗಳಲ್ಲಿ ಉಗುರು ಆಡಿಸಿ, ಮೊದಲು ಸವೆಯುವುದು ಅವೇ. ಮೃದು ಕಾರ್ಬನ್ ಉಕ್ಕಿನ ಫೋರ್ಜ್ಡ್ (ಬಡಿದು ರೂಪಿಸಿದ) ಹೆಡ್‌ಗಳನ್ನು ಒಂದೆರಡು ಡಿಗ್ರಿ ಬಾಗಿಸಿ ಲೈ ಸರಿಪಡಿಸಬಹುದು. ಎರಕದ ಗಟ್ಟಿ ಸ್ಟೇನ್‌ಲೆಸ್ ಹೆಡ್‌ಗಳು ಅಷ್ಟು ಬಾಗುವುದಿಲ್ಲ, ಒತ್ತಾಯಿಸಿದರೆ ಶಾಫ್ಟ್ ಕೂರುವ ಹೊಸೆಲ್ ಬಿರುಕು ಬಿಟ್ಟೀತು. ಹಾಗಾಗಿ ಎರಕದ ಸೆಟ್‌ನಲ್ಲಿ ಲೈ ಮೊದಲೇ ನಿಮಗೆ ಹತ್ತಿರವಿರಬೇಕು. ಪಿಂಗ್ ಐರನ್‌ಗಳಲ್ಲಿ ಹೆಡ್ ಮೇಲಿನ ಬಣ್ಣದ ಚುಕ್ಕೆಯೇ ಅದನ್ನು ಹೇಳುತ್ತದೆ, ಕಪ್ಪು ಎಂದರೆ ಸಾಧಾರಣ ಲೈ. ಗ್ರಿಪ್ ಸವೆದಿರುವುದು ಕಾರಣವಾಗಿ ಒಳ್ಳೆಯ ಸೆಟ್ ಬಿಡಬೇಡಿ, ಅದು ಬದಲಿಸುವ ವಸ್ತು. ಆದರೆ ಶಾಫ್ಟ್‌ಗಳು ಎಲ್ಲವೂ ಒಂದೇ ಬಗೆಯವೇ, ಒಂದೆರಡನ್ನು ನಡುವೆ ಬದಲಿಸಿದ್ದಾರೆಯೇ ಎಂದು ಪಟ್ಟಿಗಳನ್ನು ಒಂದೊಂದಾಗಿ ಓದಿ.